ಪ್ರಶ್ನೋತ್ತರ: ಎರಡು ಸಾವಿರ ವ್ಯಾಟ್ ಎಲ್ಲಿ ಹೋಯಿತು?

ಮನೆ ಮತ್ತು ತೋಟದ ವಿದ್ಯುತ್ತಿನ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಶಿವಮೊಗ್ಗ ಜಿಲ್ಲೆಯ ಮಲೆನಾಡು ತಾಲ್ಲೂಕುಗಳಿಂದ ಬಂದಿವೆ. ಅವುಗಳಿಗೆ ಉತ್ತರಿಸಲು ಬೇಕಾದ ಗಣಿತ ಹೈಸ್ಕೂಲಿನದೇ ಆಗಿದೆ: ವೋಲ್ಟೇಜನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ರೋಧ ಓಮ್‌ಗಳಲ್ಲಿ ಸಿಗುತ್ತದೆ, ಎರಡನ್ನೂ ಗುಣಿಸಿದರೆ ಸಾಮರ್ಥ್ಯ ವ್ಯಾಟ್‌ಗಳಲ್ಲಿ ಸಿಗುತ್ತದೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಅದನ್ನು ಬರೆದವರು ದೂರನ್ನಷ್ಟೇ ಕಳಿಸದೆ ಅಳತೆಗಳನ್ನೂ ಕಳಿಸಿದ್ದಾರೆ.

ಪ್ರಶ್ನೆ: ನಮ್ಮ ಮನೆ ಅಡಿಕೆ ತೋಟದ ಆಚೆ ಅಂಚಿನಲ್ಲಿದ್ದು, ರಸ್ತೆ ಬದಿಯ ಕಂಬದಿಂದ ಸುಮಾರು 220 ಮೀಟರ್ ದೂರದಲ್ಲಿದೆ. ಮಳೆಗಾಲದಲ್ಲಿ ಸೌದೆ ಒಣಗುವುದಿಲ್ಲವೆಂದು ಬಚ್ಚಲುಮನೆಗೆ 25 ಲೀಟರಿನ, 2000 ವ್ಯಾಟಿನ ಗೀಸರ್ ಹಾಕಿಸಿದೆವು. ಅದೇ ಗೀಸರ್ ಪೇಟೆಯಲ್ಲಿರುವ ತಂಗಿಯ ಮನೆಯಲ್ಲಿ ಅರ್ಧ ಗಂಟೆಯೊಳಗೆ ನೀರು ಕಾಯಿಸುತ್ತದೆ, ನಮ್ಮಲ್ಲಿ ನಲವತ್ತು ನಿಮಿಷ ಬೇಕು. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಬಂದು ನೋಡಿದಾಗ ಗೀಸರ್ ಆಫ್ ಇದ್ದಾಗ ಪ್ಲಗ್ಗಿನಲ್ಲಿ 225 ವೋಲ್ಟ್, ಆನ್ ಮಾಡಿದ ಕೂಡಲೇ 188 ವೋಲ್ಟ್, ತಂತಿಯ ಸುತ್ತ ಹಿಡಿದು ಪ್ರವಾಹ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ 7.1 ಆಂಪಿಯರ್ ಬಂತು. ಕಂಬದಿಂದ ಬರುವ ಸರ್ವಿಸ್ ವೈರ್ 2.5 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ತಂತಿ ಎಂದರು. ಗೀಸರ್ ಕೆಟ್ಟಿದೆಯೇ? ಸ್ಟೆಬಿಲೈಸರ್ ಹಾಕಿಸಬೇಕೇ? ಬಿಲ್ಲು ಹೆಚ್ಚು ಬರುತ್ತದೆಯೇ? — ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಗೀಸರ್ ಕೆಟ್ಟಿಲ್ಲ. ಅದನ್ನು ನೀವು ಕಳಿಸಿದ ಅಂಕಿಗಳೇ ಹೇಳುತ್ತವೆ. ಗೀಸರಿನ ಮೈಮೇಲೆ 230 ವೋಲ್ಟಿಗೆ 2000 ವ್ಯಾಟ್ ಎಂದು ಬರೆದಿರುತ್ತದೆ. 2000ವನ್ನು 230ರಿಂದ ಭಾಗಿಸಿದರೆ 8.7 ಆಂಪಿಯರ್, 230ನ್ನು 8.7ರಿಂದ ಭಾಗಿಸಿದರೆ ಸುಮಾರು 26.4 ಓಮ್. ಕಾರ್ಖಾನೆಯವರು ಒಳಗಿನ ಕಾಯಿಲನ್ನು ಸುತ್ತಿದ್ದು ಈ ರೋಧಕ್ಕೆ. ಈಗ ನಿಮ್ಮ ಮನೆಯ ಅಳತೆಯನ್ನು ನೋಡಿ: 188ನ್ನು 7.1ರಿಂದ ಭಾಗಿಸಿದರೆ 26.5 ಓಮ್. ಹೆಚ್ಚುಕಡಿಮೆ ಅದೇ ಸಂಖ್ಯೆ. ಕಾಯಿಲಿನ ಒಂದು ಭಾಗ ಸುಟ್ಟಿದ್ದರೆ ಅಥವಾ ಒಳಗೆಲ್ಲೋ ಸಡಿಲವಾಗಿದ್ದರೆ ಈ ಎರಡು ಅಂಕಿಗಳು ಇಷ್ಟು ಹತ್ತಿರ ಬರುತ್ತಿರಲಿಲ್ಲ.

ಹಾಗಾದರೆ ಎರಡು ಸಾವಿರ ವ್ಯಾಟ್ ಎಲ್ಲಿ ಹೋಯಿತು? 188ನ್ನು 7.1ರಿಂದ ಗುಣಿಸಿದರೆ ಬರುವುದು 1335 ವ್ಯಾಟ್ ಮಾತ್ರ. ನಮ್ಮ ಜನರಲ್ಲಿ ಗಟ್ಟಿಯಾಗಿ ನೆಲೆಸಿರುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಬಿಡಬೇಕಾಗುತ್ತದೆ. ಉಪಕರಣದ ಮೇಲೆ ಬರೆದ ವ್ಯಾಟ್ ಅದರ ಹುಟ್ಟುಗುಣವಲ್ಲ. ಅದು ಬರೆದಷ್ಟು ವೋಲ್ಟೇಜ್ ಸಿಕ್ಕಿದಾಗ ಮಾತ್ರ ನಿಜವಾಗುವ ಮಾತು. ಕಾಯಿಲಿಗೆ ಹುಟ್ಟಿನಿಂದ ಬಂದದ್ದು ಓಮ್, ವ್ಯಾಟ್ ಅಲ್ಲ. ರೋಧ ಬದಲಾಗದೆ ವೋಲ್ಟೇಜ್ ಇಳಿದಾಗ ವಿದ್ಯುತ್ ಪ್ರವಾಹವೂ ಅದೇ ಪ್ರಮಾಣದಲ್ಲಿ ಇಳಿಯುವುದರಿಂದ, ಎರಡರ ಗುಣಲಬ್ಧವಾದ ಸಾಮರ್ಥ್ಯ ಎರಡು ಪಾಲು ಪೆಟ್ಟು ತಿನ್ನುತ್ತದೆ. 230ರಿಂದ 188ಕ್ಕೆ ಇಳಿದದ್ದು ನೂರಕ್ಕೆ ಹದಿನೆಂಟು ಪಾಲಾದರೆ, ಕಾವಿನಲ್ಲಿ ಕಳೆದುಕೊಂಡದ್ದು ನೂರಕ್ಕೆ ಮೂವತ್ತಮೂರು ಪಾಲು. 25 ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು ಸುಮಾರು 3150 ಕಿಲೋಜೂಲ್ ಬೇಕು. ಅದಕ್ಕೆ 2000 ವ್ಯಾಟಿನಲ್ಲಿ 26 ನಿಮಿಷ, 1335 ವ್ಯಾಟಿನಲ್ಲಿ 39 ನಿಮಿಷ ಹಿಡಿಯುತ್ತದೆ. ನಿಮ್ಮ ಮನೆಯ ಮತ್ತು ತಂಗಿಯ ಮನೆಯ ಗಡಿಯಾರಗಳೆರಡೂ ಸರಿಯಾಗಿಯೇ ಇವೆ.

ಇನ್ನು 225ರಿಂದ 188ಕ್ಕೆ ಇಳಿದಾಗ ಕಳೆದುಹೋದ 37 ವೋಲ್ಟ್. ಗೀಸರಿಗೆ ಹರಿಯುವ 7.1 ಆಂಪಿಯರ್ ಅದಕ್ಕೂ ಮೊದಲು ನಿಮ್ಮ ತೋಟವನ್ನು ದಾಟಿ ಬರುವ ತಂತಿಯಲ್ಲಿ ಹರಿಯಬೇಕು, ಹಾಗಾಗಿ ಆ ತಂತಿಯೂ ಒಂದು ಕಾಯಿಲೇ. 37ನ್ನು 7.1ರಿಂದ ಭಾಗಿಸಿದರೆ 5.2 ಓಮ್. ಇದನ್ನು ಬೇರೆ ದಾರಿಯಿಂದ ತಾಳೆ ನೋಡಬಹುದು. ಒಂದು ಚದರ ಮಿಲಿಮೀಟರ್ ದಪ್ಪದ, ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ತಂತಿಗೆ ಸುಮಾರು 0.028 ಓಮ್ ರೋಧವಿರುತ್ತದೆ. ನಿಮ್ಮದು 220 ಮೀಟರ್ ಎಂದರೂ ಪ್ರವಾಹ ಫೇಸಿನಲ್ಲಿ ಬಂದು ನ್ಯೂಟ್ರಲಿನಲ್ಲಿ ವಾಪಸು ಹೋಗುವುದರಿಂದ ಲೆಕ್ಕಕ್ಕೆ ಹಿಡಿಯಬೇಕಾದ ಉದ್ದ 440 ಮೀಟರ್. ಅದನ್ನು 0.028ರಿಂದ ಗುಣಿಸಿ 2.5ರಿಂದ ಭಾಗಿಸಿದರೆ 4.9 ಓಮ್ ಆಯಿತು. ಉಳಿದ ಕಾಲು ಓಮಿನಷ್ಟು ಕಂಬದ ಮೇಲಿನ ಮತ್ತು ಮೇನ್ ಬೋರ್ಡಿನ ಜೋಡಣೆಗಳಲ್ಲಿ ಹಾಗೂ ಕಂಬದ ಆಚೆಗಿನ ಲೈನಿನಲ್ಲಿ ಹಂಚಿಹೋಗಿರುತ್ತದೆ. ಕಾಲು ಓಮ್ ಎಂದು ಅದನ್ನು ಹಗುರವಾಗಿ ಕಾಣಬೇಡಿ. ಅಷ್ಟೂ ರೋಧ ಒಂದೇ ಸಡಿಲ ತಿರುಪಿನ ಕೆಳಗೆ ಸೇರಿಕೊಂಡಿದ್ದರೆ 7.1ನ್ನು 7.1ರಿಂದ, ಮತ್ತೆ 0.25ರಿಂದ ಗುಣಿಸಿದಷ್ಟು, ಅಂದರೆ ಹನ್ನೆರಡು ವ್ಯಾಟಿಗೂ ಹೆಚ್ಚು ಶಾಖ ಕಡಲೆಕಾಳಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ಮೇನ್ ಸ್ವಿಚ್ ಆಫ್ ಮಾಡಿಸಿ ಕನೆಕ್ಟರುಗಳನ್ನು ನೋಡಿಸಿ. ಬಿಳಿಯ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದರೆ ಅಥವಾ ತಂತಿಯ ಹೊದಿಕೆ ತುದಿಯಲ್ಲಿ ಗಟ್ಟಿಯಾಗಿ ಬಿರಿದಿದ್ದರೆ ಅಲ್ಲೇ ಕಾಯುತ್ತಿದೆ ಎಂದು ಅರ್ಥ.

ಸ್ಟೆಬಿಲೈಸರ್ ವಿಷಯಕ್ಕೆ ಬಂದರೆ, ದಯವಿಟ್ಟು ಬೇಡ. ಸ್ಟೆಬಿಲೈಸರ್ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ. ಗೀಸರಿಗೆ 230 ವೋಲ್ಟ್ ಕೊಡಬೇಕಾದರೆ ಅದು ಹಿಂದಿನಿಂದ ಹೆಚ್ಚು ಆಂಪಿಯರ್ ಎಳೆಯುತ್ತದೆ, ಎಳೆದಂತೆಲ್ಲ ತಂತಿಯಲ್ಲಿ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಸ್ಟೆಬಿಲೈಸರಿನ ಸ್ವಂತ ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದರೂ, ನಿಮ್ಮ 5.2 ಓಮ್ ತಂತಿಯ ತುದಿಯಲ್ಲಿ 2000 ವ್ಯಾಟ್ ಪಡೆಯಲು 12.5 ಆಂಪಿಯರ್ ಹರಿಯಬೇಕು. ಆಗ ಮನೆಯ ವೋಲ್ಟೇಜ್ 160ಕ್ಕೆ ಇಳಿದು ತಂತಿಯೊಂದರಲ್ಲೇ 812 ವ್ಯಾಟ್ ಶಾಖವಾಗಿ ಹೋಗುತ್ತದೆ. ಗೀಸರ್ ಚೆನ್ನಾಗಿ ಕಾಯುವಾಗ ಮನೆಯ ಫ್ಯಾನು, ಮಿಕ್ಸಿ, ಫ್ರಿಜ್ಜುಗಳೆಲ್ಲ ಆ 160 ವೋಲ್ಟಿನಲ್ಲಿ ನರಳುತ್ತವೆ. ಸ್ಟೆಬಿಲೈಸರ್ ಮಾರುವವರು ಈ ಲೆಕ್ಕವನ್ನು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಪರಿಹಾರವಿರುವುದು ತಂತಿಯ ದಪ್ಪದಲ್ಲಿ. ಅದೇ ಅಲ್ಯೂಮಿನಿಯಂ 10 ಚದರ ಮಿಲಿಮೀಟರಿನದಾದರೆ ತಂತಿಯ ರೋಧ ಸುಮಾರು 1.2 ಓಮಿಗೆ ಇಳಿಯುತ್ತದೆ, ಗೀಸರಿಗೆ 213 ವೋಲ್ಟಿನ ಆಸುಪಾಸಿನಲ್ಲಿ ಸಿಗುತ್ತದೆ, ಸಾಮರ್ಥ್ಯ 1700 ವ್ಯಾಟ್ ದಾಟುತ್ತದೆ. ಕಂಬದಿಂದ ಮೀಟರಿನವರೆಗಿನ ತಂತಿಗೆ ನೀವೇ ಕೈ ಹಾಕುವಂತಿಲ್ಲ. ವಿದ್ಯುತ್ ಸರಬರಾಜು ಕಚೇರಿಗೆ ಅರ್ಜಿ ಕೊಡುವಾಗ ಬರೀ ‘ಕರೆಂಟು ಡಿಮ್ ಇದೆ’ ಎಂದು ಬರೆಯದೆ 225, 188, 7.1 ಎಂಬ ಮೂರು ಅಂಕಿಗಳನ್ನೂ ಬರೆಯಿರಿ. ಬಿಲ್ಲಿನ ಬಗ್ಗೆ ಹೇಳುವುದಾದರೆ, ಮೀಟರ್ ಮನೆಯ ಜಗುಲಿಯಲ್ಲಿದ್ದರೆ ತಂತಿಯಲ್ಲಿ ವ್ಯರ್ಥವಾದದ್ದು ಮೀಟರಿಗೆ ಬರುವ ಮೊದಲೇ ವ್ಯರ್ಥವಾಗಿರುತ್ತದೆ. ನಿಮಗೆ ಬೀಳುವುದು ನೀರು ಕಾಯಿಸಿದ ಸುಮಾರು 0.88 ಯೂನಿಟ್ ಮಾತ್ರ, ಬೇಗ ಕಾದರೂ ಅಷ್ಟೇ, ನಿಧಾನವಾಗಿ ಕಾದರೂ ಅಷ್ಟೇ. ಮೀಟರ್ ಪೆಟ್ಟಿಗೆ ರಸ್ತೆ ಬದಿಯಲ್ಲಿದ್ದರೆ ಪ್ರತಿ ಸಲವೂ ಸುಮಾರು 0.17 ಯೂನಿಟ್ ತೋಟದ ಗಾಳಿಯನ್ನು ಬೆಚ್ಚಗೆ ಮಾಡಿದ್ದಕ್ಕೆ ನೀವು ಕೊಡುತ್ತೀರಿ.

ಅಳೆಯುವವರಿಗೆ ಒಂದು ಮಾತು. ಕ್ಲ್ಯಾಂಪ್ ಮೀಟರಿನ ದವಡೆಯೊಳಗೆ ಫೇಸ್ ಅಥವಾ ನ್ಯೂಟ್ರಲ್ ಒಂದೇ ತಂತಿ ಇರಬೇಕು. ಎರಡನ್ನೂ ಒಟ್ಟಿಗೆ ಹಿಡಿದರೆ ಹೋಗುವ ಮತ್ತು ಬರುವ ಪ್ರವಾಹಗಳು ಪರಸ್ಪರ ಕಳೆದು ಸೊನ್ನೆ ತೋರಿಸುತ್ತದೆ. ಸಾಧಾರಣ ಮಲ್ಟಿಮೀಟರಿನ ಕಡ್ಡಿಗಳನ್ನು ಆಂಪಿಯರ್ ಅಳೆಯುವ ತೂತಿನಲ್ಲಿಟ್ಟುಕೊಂಡು ಪ್ಲಗ್ಗಿಗೆ ಚುಚ್ಚುವುದು ಶಾರ್ಟ್ ಸರ್ಕ್ಯೂಟ್ ಮಾಡಿದಂತೆಯೇ ಸರಿ. ನನ್ನ ಪರಿಚಿತರೊಬ್ಬರ ಬಳಿ ಹಾಗೆ ಕಪ್ಪಾದ ಕಡ್ಡಿಗಳ ಒಂದು ಜೊತೆ ಇದೆ.

ಪ್ರಶ್ನೆ: ಕಾಲೇಜಿನಲ್ಲಿ 230 ವೋಲ್ಟ್, 60 ವ್ಯಾಟಿನ ಹಳೆಯ ತಂತುವಿನ ಬಲ್ಬಿನ ರೋಧವನ್ನು ಸೂತ್ರದಿಂದ ಕಂಡುಹಿಡಿದಾಗ 882 ಓಮ್ ಬಂತು. ಅದೇ ಬಲ್ಬನ್ನು ಬಿಚ್ಚಿ ಮಲ್ಟಿಮೀಟರಿನಲ್ಲಿ ನೋಡಿದರೆ 65 ಓಮ್ ತೋರಿಸುತ್ತದೆ. ಸೂತ್ರ ತಪ್ಪೋ, ಮೀಟರ್ ತಪ್ಪೋ? — ಶಿವಮೊಗ್ಗದ ಪಿಯುಸಿ ವಿದ್ಯಾರ್ಥಿನಿ

ಉತ್ತರ: ಎರಡೂ ಸರಿ. ನೀವು ಅಳೆದದ್ದು ತಣ್ಣಗಿದ್ದ ಬಲ್ಬನ್ನು, ಸೂತ್ರ ಹೇಳಿದ್ದು ಉರಿಯುತ್ತಿರುವ ಬಲ್ಬಿನ ಬಗ್ಗೆ. ಟಂಗ್‌ಸ್ಟನ್ ತಂತು ಬೆಳಗುವಾಗ ಸುಮಾರು 2500 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಮತ್ತು ಲೋಹ ಕಾದಂತೆ ಅದರ ರೋಧ ಏರುತ್ತದೆ. ಇಲ್ಲಿ ಅದು ಹದಿಮೂರು ಪಟ್ಟಿಗೂ ಹೆಚ್ಚು ಏರಿದೆ. ಸ್ವಿಚ್ ಹಾಕಿದ ಮೊದಲ ಕ್ಷಣದಲ್ಲಿ ತಂತು ಇನ್ನೂ 65 ಓಮಿನದೇ ಆಗಿರುವುದರಿಂದ 230ನ್ನು 65ರಿಂದ ಭಾಗಿಸಿದಷ್ಟು, ಅಂದರೆ ಮೂರೂವರೆ ಆಂಪಿಯರ್ ನುಗ್ಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ತಂತು ಕಾದು ಅದು 0.26 ಆಂಪಿಯರಿಗೆ ಇಳಿಯುತ್ತದೆ. ಹಳೆಯ ಬಲ್ಬುಗಳು ಉರಿಯುತ್ತಿರುವಾಗ ಸಾಯದೆ ಸ್ವಿಚ್ ಹಾಕಿದಾಗಲೇ ‘ಟಪ್’ ಎಂದು ಸಾಯುತ್ತಿದ್ದುದು ಈ ನುಗ್ಗಾಟದಿಂದ.

ಗೀಸರಿನ ಲೆಕ್ಕದಲ್ಲಿ ನಾನು ರೋಧ ಬದಲಾಗದು ಎಂದು ಹಿಡಿದದ್ದು ಹೇಗೆ ಎಂದು ನೀವು ಕೇಳಬಹುದು. ಹೀಟರುಗಳಲ್ಲಿ ಬಳಸುವ ನಿಕ್ರೋಮ್ ಮಿಶ್ರಲೋಹವನ್ನು ಆರಿಸಿಕೊಂಡ ಕಾರಣಗಳಲ್ಲಿ ಅದೂ ಒಂದು. ಕೆಂಪಗೆ ಕಾದರೂ ಅದರ ರೋಧ ನೂರಕ್ಕೆ ಕೆಲವೇ ಪಾಲಿನಷ್ಟು ಏರುತ್ತದೆ.

ವೋಲ್ಟೇಜಿಗೂ ಪ್ರವಾಹಕ್ಕೂ ಇರುವ ಸಂಬಂಧವನ್ನು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಗಿಯೋರ್ಗ್ ಓಮ್ ಜರ್ಮನಿಯ ಕಲೋನಿನಲ್ಲಿ ಶಾಲಾ ಉಪಾಧ್ಯಾಯರಾಗಿದ್ದವರು. ಅಂದಿನ ಬ್ಯಾಟರಿಗಳ ವೋಲ್ಟೇಜ್ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಆದ್ದರಿಂದ ಅವರು ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಜೋಡಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟು, ಅದರಿಂದ ಹುಟ್ಟುವ ಅಲ್ಪವಾದರೂ ಸ್ಥಿರವಾದ ವೋಲ್ಟೇಜಿನಲ್ಲಿ ಪ್ರಯೋಗ ಮಾಡಿದರು. ಉಷ್ಣತೆ ಬದಲಾದರೆ ಲೆಕ್ಕವೆಲ್ಲ ಅಲುಗುತ್ತದೆ ಎಂಬುದನ್ನು ನಿಮ್ಮ ಬಲ್ಬೂ ತೋರಿಸಿದೆ. ಎಲ್‌ಇಡಿ ಬಲ್ಬಿನ ಮೇಲೆ ಮಾತ್ರ ಈ ಪ್ರಯೋಗ ಮಾಡಬೇಡಿ. ಅದರೊಳಗಿರುವುದು ಎಲೆಕ್ಟ್ರಾನಿಕ್ ಸರ್ಕ್ಯೂಟ್, ಮಲ್ಟಿಮೀಟರ್ ಅಲ್ಲಿ ತೋರಿಸುವ ಓಮಿಗೆ ಅರ್ಥವಿಲ್ಲ.

ಪ್ರಶ್ನೆ: ನಮ್ಮ ವಿದ್ಯುತ್ ಒಲೆಯ ಸುರುಳಿ ತುಂಡಾಗಿತ್ತು. ಸುಟ್ಟ ತುದಿಗಳನ್ನು ಕತ್ತರಿಸಿ, ಎಳೆದು ಗಂಟು ಹಾಕಿ ಬಳಸುತ್ತಿದ್ದೇನೆ. ಈಗ ಮೊದಲಿಗಿಂತ ಹೆಚ್ಚು ಕೆಂಪಗೆ ಉರಿಯುತ್ತದೆ. ಇದು ಲಾಭವಲ್ಲವೇ? — ಹೊಸನಗರದ ಗೃಹಿಣಿ

ಉತ್ತರ: ಸುರುಳಿ ಗಿಡ್ಡವಾದಷ್ಟೂ ರೋಧ ಕಡಿಮೆಯಾಗುತ್ತದೆ, ರೋಧ ಕಡಿಮೆಯಾದಷ್ಟೂ ಆಂಪಿಯರ್ ಹೆಚ್ಚುತ್ತದೆ. 1000 ವ್ಯಾಟಿನ ಒಲೆಯ ಸುರುಳಿಗೆ 230 ವೋಲ್ಟಿನಲ್ಲಿ ಸುಮಾರು 53 ಓಮ್ ಇರುತ್ತದೆ. ಹತ್ತರಲ್ಲಿ ಒಂದು ಪಾಲು ಕತ್ತರಿಸಿದರೆ 48 ಓಮಿನ ಆಸುಪಾಸಿಗೆ ಇಳಿದು ಸಾಮರ್ಥ್ಯ 1100 ವ್ಯಾಟ್ ದಾಟುತ್ತದೆ. ಹೆಚ್ಚಿದ ಕಾವು ಗಿಡ್ಡವಾದ ತಂತಿಯಲ್ಲೇ ಹುಟ್ಟುವುದರಿಂದ ಅದು ಬೇಗ ಸವೆದು, ಸಾಮಾನ್ಯವಾಗಿ ಗಂಟಿನ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ. ಆಗ ನೀವು ಇನ್ನೊಂದು ತುಂಡು ಕತ್ತರಿಸುತ್ತೀರಿ. ಹೊಸ ಸುರುಳಿಗೆ ಆಗುವ ಖರ್ಚು ಸುಟ್ಟ ಪ್ಲಗ್ಗಿನ ಬೆಲೆಗಿಂತ ಹೆಚ್ಚಿನದೇನಲ್ಲ. ಜೊತೆಗೆ, ತೆರೆದ ಸುರುಳಿಯ ಒಲೆಯ ಮೇಲೆ ಹಾಲು ಉಕ್ಕಿದರೆ ಪಾತ್ರೆಗೇ ಕರೆಂಟು ಬರಬಹುದು. ಮುಚ್ಚಿದ ತಟ್ಟೆಯ ಒಲೆಗೆ ಬದಲಾಯಿಸಿಕೊಳ್ಳುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ತೋಟದ 5 ಎಚ್.ಪಿ. ತ್ರೀ ಫೇಸ್ ಪಂಪಿನ ಪ್ಯಾನೆಲಿನಲ್ಲಿ 415 ವೋಲ್ಟ್, 7.5 ಆಂಪಿಯರ್ ತೋರಿಸುತ್ತದೆ. ಗುಣಿಸಿದರೆ 3112 ವ್ಯಾಟ್. ಆದರೆ 5 ಎಚ್.ಪಿ. ಎಂದರೆ 3730 ವ್ಯಾಟ್ ಅಲ್ಲವೇ? ತಿಂದದ್ದಕ್ಕಿಂತ ಹೆಚ್ಚು ದುಡಿಯುವ ಮೋಟಾರ್ ಉಂಟೇ? — ಕೊಪ್ಪ ತಾಲ್ಲೂಕಿನ ಬೆಳೆಗಾರರು

ಉತ್ತರ: ಉಂಟಾಗಿದ್ದರೆ ನಾವೆಲ್ಲ ಅದನ್ನೇ ಕೊಳ್ಳುತ್ತಿದ್ದೆವು. ತ್ರೀ ಫೇಸಿನಲ್ಲಿ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದ ಮೇಲೆ ಮತ್ತೆ 1.732ರಿಂದ, ಅಂದರೆ ಮೂರರ ವರ್ಗಮೂಲದಿಂದ ಗುಣಿಸಬೇಕು. ಆಗ 5390 ಬರುತ್ತದೆ. ಅದೂ ಪೂರ್ತಿ ವ್ಯಾಟ್ ಅಲ್ಲ. ಮೋಟಾರಿನಲ್ಲಿ ವೋಲ್ಟೇಜೂ ಪ್ರವಾಹವೂ ಹೆಜ್ಜೆಗೆ ಹೆಜ್ಜೆ ಹಾಕಿ ಏರಿಳಿಯುವುದಿಲ್ಲ, ಪ್ರವಾಹ ಸ್ವಲ್ಪ ಹಿಂದೆ ಬೀಳುತ್ತದೆ. ಈ ಹಿಂದೆ ಬೀಳುವಿಕೆಯ ಲೆಕ್ಕವೇ ಪವರ್ ಫ್ಯಾಕ್ಟರ್. ಮೋಟಾರಿನ ತಗಡಿನ ಮೇಲೆ ಅದು 0.82 ಎಂದಿದ್ದರೆ ಒಳಗೆ ಹೋಗುವುದು ಸುಮಾರು 4420 ವ್ಯಾಟ್. ಅದರಲ್ಲಿ 3730 ವ್ಯಾಟ್ ಮೋಟಾರಿನ ತಿರುಗುವ ಶಾಫ್ಟಿಗೆ ಬಂದರೆ ದಕ್ಷತೆ ನೂರಕ್ಕೆ 84. ಒಳ್ಳೆಯ ಮೋಟಾರೇ.

415ನ್ನು 7.5ರಿಂದ ಭಾಗಿಸಿ ಇದರ ರೋಧ 55 ಓಮ್ ಎಂದು ಯಾರೂ ತೀರ್ಮಾನಿಸಬಾರದು. ಸ್ವಿಚ್ ಆಫ್ ಮಾಡಿ, ತಂತಿ ಬಿಚ್ಚಿ ವೈಂಡಿಂಗ್ ಅಳೆದರೆ ಕೆಲವೇ ಓಮ್ ಸಿಗುತ್ತದೆ. ತಿರುಗುತ್ತಿರುವ ಮೋಟಾರ್ ತನ್ನೊಳಗೆ ಲೈನಿಗೆ ಎದುರಾಗಿ ಒಂದು ವೋಲ್ಟೇಜನ್ನು ಹುಟ್ಟಿಸಿಕೊಳ್ಳುತ್ತದೆ, ಪ್ರವಾಹವನ್ನು ಹಿಡಿತದಲ್ಲಿಡುವುದು ಮುಖ್ಯವಾಗಿ ಅದು. ಎಲೆ, ಕೆಸರು ಸಿಕ್ಕಿಕೊಂಡು ಮೋಟಾರ್ ತಿರುಗದೆ ನಿಂತರೆ ಆ ಎದುರು ವೋಲ್ಟೇಜ್ ಇಲ್ಲವಾಗಿ ಪ್ರವಾಹ ಐದಾರು ಪಟ್ಟು ಏರುತ್ತದೆ.

ಇದರಿಂದಲೇ ಡಿಮ್ ಕರೆಂಟಿನಲ್ಲಿ ಗೀಸರ್ ಮತ್ತು ಪಂಪು ತದ್ವಿರುದ್ಧವಾಗಿ ನಡೆದುಕೊಳ್ಳುತ್ತವೆ. ಗೀಸರ್ ಕಡಿಮೆ ಸಿಕ್ಕಿದರೆ ಕಡಿಮೆ ಉಂಡು ಸುಮ್ಮನಿರುತ್ತದೆ. ಪಂಪಿನ ಮೋಟಾರ್ ನೀರೆತ್ತುವ ಹೊರೆಯನ್ನು ಬಿಡಲಾರದೆ, ವೋಲ್ಟೇಜ್ ಕಡಿಮೆಯಾದದ್ದನ್ನು ಆಂಪಿಯರಿನಲ್ಲಿ ತುಂಬಿಕೊಳ್ಳಲು ನೋಡುತ್ತದೆ. 415 ಇರುವಲ್ಲಿ 340 ಬಂದರೆ 7.5 ಆಂಪಿಯರ್ ಸುಮಾರು 9.2ಕ್ಕೆ ಏರುತ್ತದೆ, ಮತ್ತು ವೈಂಡಿಂಗಿನ ಶಾಖ ಪ್ರವಾಹದ ವರ್ಗದಂತೆ ಏರುವುದರಿಂದ ಅದು ಒಂದೂವರೆ ಪಟ್ಟಾಗುತ್ತದೆ. ಓವರ್‌ಲೋಡ್ ರಿಲೇ ಇರುವುದು ಇಂಥ ಹೊತ್ತಿನಲ್ಲಿ ಲೈನ್ ಕಡಿಯಲೆಂದು. ಅದು ಪದೇ ಪದೇ ಬೀಳುತ್ತದೆ, ರಾತ್ರಿ ಎದ್ದು ತೋಟಕ್ಕೆ ಹೋಗಬೇಕಾಗುತ್ತದೆ ಎಂದು ಅದರ ತಿರುಪನ್ನು ಕೊನೆಯ ಅಂಕಿಯವರೆಗೆ ತಿರುಗಿಸಿಟ್ಟವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಮೋಟಾರ್ ರಿವೈಂಡಿಂಗ್ ಮಾಡುವವರ ಅಂಗಡಿಗೆ ಗಿರಾಕಿಗಳೂ ಅವರೇ. ತಿರುಪು ನಿಮ್ಮ ಮೋಟಾರಿನ ತಗಡಿನ ಮೇಲೆ ಬರೆದ ಆಂಪಿಯರಿನ ಹತ್ತಿರವೇ ಇರಲಿ.

ಪ್ರಶ್ನೆ: ತಂತಿಯಲ್ಲಿ ಇಷ್ಟು ನಷ್ಟವಾಗುವುದಾದರೆ ಶರಾವತಿಯ ವಿದ್ಯುತ್ ಬೆಂಗಳೂರಿನವರೆಗೆ ಹೇಗೆ ಮುಟ್ಟುತ್ತದೆ? — ಸಾಗರದ ಓದುಗರು

ಉತ್ತರ: ಆಂಪಿಯರನ್ನು ಕಡಿಮೆ ಮಾಡಿ ಕಳಿಸುವುದರಿಂದ. ಸಾಮರ್ಥ್ಯ ವೋಲ್ಟ್ ಮತ್ತು ಆಂಪಿಯರಿನ ಗುಣಲಬ್ಧವಾದ್ದರಿಂದ ಒಂದನ್ನು ಹೆಚ್ಚಿಸಿದರೆ ಇನ್ನೊಂದನ್ನು ಇಳಿಸಬಹುದು, ತಂತಿಯನ್ನು ಕಾಯಿಸುವುದು ಆಂಪಿಯರ್ ಮಾತ್ರ. ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವ್ಯಾಟಿನ ಹತ್ತು ಘಟಕಗಳಿವೆ, ಒಟ್ಟು 1035 ಮೆಗಾವ್ಯಾಟ್. ಒಂದು ಘಟಕದ ಪೂರ್ತಿ ಉತ್ಪನ್ನವನ್ನು ನಿಮ್ಮ ಪಂಪಿನ 415 ವೋಲ್ಟಿನಲ್ಲಿ ಕಳಿಸುವುದಾದರೆ, ಪವರ್ ಫ್ಯಾಕ್ಟರನ್ನು ಒಂದು ಎಂದೇ ಹಿಡಿದರೂ, ಪ್ರತಿ ತಂತಿಯಲ್ಲಿ ಸುಮಾರು 1,44,000 ಆಂಪಿಯರ್ ಹರಿಯಬೇಕು. 2,20,000 ವೋಲ್ಟಿನಲ್ಲಿ ಅದೇ ಕೆಲಸಕ್ಕೆ ಸುಮಾರು 272 ಆಂಪಿಯರ್ ಸಾಕು. ಪ್ರವಾಹ 530 ಪಟ್ಟು ಇಳಿದಾಗ ಅದೇ ತಂತಿಯಲ್ಲಿನ ನಷ್ಟ 530ರ ವರ್ಗದಷ್ಟು, ಅಂದರೆ ಎರಡು ಲಕ್ಷ ಎಂಬತ್ತು ಸಾವಿರ ಪಟ್ಟು ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಸಾಗಿಸಿದವರೂ ವೋಲ್ಟೇಜ್ ಏರಿಸಿಯೇ ಸಾಗಿಸಿದ್ದರು.

ಹಾಗಿದ್ದರೆ ಮನೆಯ ಬಾಗಿಲಿಗೇ ಅಷ್ಟು ವೋಲ್ಟೇಜ್ ತರಬಾರದೇಕೆ ಎಂದರೆ, ಅದನ್ನು ಮನುಷ್ಯರಿಂದ ದೂರ ಇಡಲು ಬೇಕಾದ ಎತ್ತರದ ಗೋಪುರ, ಪಿಂಗಾಣಿಯ ಇನ್ಸುಲೇಟರುಗಳನ್ನು ನೆನೆಸಿಕೊಳ್ಳಿ. ಊರಿಗೆ 11,000 ವೋಲ್ಟ್ ಬಂದು ಟಿ.ಸಿ.ಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ, ಇಳಿಯುತ್ತದೆ, ಟಿ.ಸಿ.ಯಿಂದ ಮುಂದಿನ ದಾರಿಯಲ್ಲೇ ಡಿಮ್ ಕರೆಂಟಿನ ಕಷ್ಟವೆಲ್ಲ ಶುರುವಾಗುತ್ತದೆ. ಬಯಲುಸೀಮೆಯಂತೆ ಮನೆಗಳು ಒತ್ತಾಗಿದ್ದರೆ ಆ ದಾರಿ ಗಿಡ್ಡ. ಗುಡ್ಡಕ್ಕೊಂದು, ತೋಟಕ್ಕೊಂದು ಮನೆ ಇರುವ ನಮ್ಮಲ್ಲಿ ದೊಡ್ಡದೊಂದು ಟಿ.ಸಿ.ಯನ್ನು ದೂರದಲ್ಲಿ ಇಡುವುದಕ್ಕಿಂತ 25 ಕೆವಿಎಯ ಸಣ್ಣ ಟಿ.ಸಿ.ಗಳನ್ನು ಮನೆಗಳ ಹತ್ತಿರ ಇಡುವುದೇ ಮೇಲು. ಮೊದಲ ಪತ್ರ ಬರೆದ ತೀರ್ಥಹಳ್ಳಿಯ ಓದುಗರು ಕಂಬದ ದೂರವನ್ನು ತಿಳಿಸಿದ್ದಾರೆ, ಟಿ.ಸಿ.ಯ ದೂರವನ್ನು ತಿಳಿಸಿಲ್ಲ. ಕಂಬದ ಬುಡದ ಮನೆಯವರ ಪ್ಲಗ್ಗಿನಲ್ಲಿ ಸಂಜೆ ಏಳು ಗಂಟೆಗೆ ಎಷ್ಟು ವೋಲ್ಟ್ ಇರುತ್ತದೆ ಎಂಬುದನ್ನು ಅಳೆಸಿ ಕಳಿಸಿದರೆ, ಅರ್ಜಿಯಲ್ಲಿ ತಂತಿಯನ್ನು ಕೇಳಬೇಕೋ ಟಿ.ಸಿ.ಯನ್ನು ಕೇಳಬೇಕೋ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಲೆಕ್ಕ ಹಾಕಿ ತಿಳಿಸುತ್ತೇನೆ.